ಥೀಡಾ ಬಾರಾ ನಟನೆಗೆ ತೀರ್ಪು ಕೊಡುವ ಮುಂಚೆ

‘ಕಾಡಿಗೆ ಮೆತ್ತಿಕೊಂಡು ಗಂಡಸರನ್ನು ಹಾಳುಮಾಡುವ ಪಾತ್ರ ಬಿಟ್ಟರೆ ಆಕೆಗೆ ಬೇರೇನೂ ಬರುತ್ತಿರಲಿಲ್ಲ’ ಎಂದು ಅಮೆರಿಕದ ಮೂಕಿಚಿತ್ರಗಳ ನಟಿ ಥೀಡಾ ಬಾರಾ ಬಗ್ಗೆ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಆಕೆ ನಟಿಸಿದ್ದು ಸುಮಾರು 40 ಚಿತ್ರಗಳಲ್ಲಿ, ಬಹುಪಾಲು 1915ರಿಂದ 1919ರೊಳಗೆ, ಫಾಕ್ಸ್ ಚಿತ್ರ ಕಂಪನಿಗೆ. ಫಾಕ್ಸ್‌ಗೆ ಮಾಡಿದವುಗಳಲ್ಲಿ ಪೂರ್ತಿ ಉಳಿದಿರುವುದು ಎರಡೇ. 1915ರ ‘ಎ ಫೂಲ್ ದೇರ್ ವಾಸ್’ನಲ್ಲಿ ಆಕೆ ಮನೆಮುರುಕಿ, ನಿಜ. ಆದರೆ 1916ರ ‘ಈಸ್ಟ್ ಲಿನ್’ನಲ್ಲಿ ವೇಷ ಮರೆಸಿಕೊಂಡು ತನ್ನ ಮಕ್ಕಳನ್ನೇ ನೋಡಿಕೊಳ್ಳಲು ಮರಳುವ ತಾಯಿ. ಅದೇ ವರ್ಷ ಜೂಲಿಯೆಟ್ ಕೂಡ ಆಗಿದ್ದರು. ಅದು ಉಳಿದಿಲ್ಲ.

ಉಳಿಯದ್ದಕ್ಕೆ ದೊಡ್ಡ ಕಾರಣ 1937ರ ಜುಲೈ 9ರಂದು ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿ ಫಾಕ್ಸ್‌ನ ಫಿಲ್ಮ್ ಗೋದಾಮಿಗೆ ಬಿದ್ದ ಬೆಂಕಿ. ಆಗಿನ ಫಿಲ್ಮ್ ಸೆಲ್ಯುಲೋಸ್ ನೈಟ್ರೇಟ್‌ನದು. ಅದು ಹಳತಾದಂತೆ ಅನಿಲ ಬಿಡುತ್ತದೆ, ತಾನೇ ಬಿಸಿಯಾಗುತ್ತದೆ. ಮುಚ್ಚಿದ ಡಬ್ಬಿ, ಗಾಳಿಯಾಡದ ಕೋಣೆ, ಮೇಲೆ ಬೇಸಿಗೆಯ ಧಗೆ: ಇಷ್ಟಾದರೆ ಕಿಡಿಯೇ ಬೇಕಿಲ್ಲ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಅಂದು 40,000ಕ್ಕೂ ಹೆಚ್ಚು ರೀಲುಗಳು ಹೋದವು.

1917ರ ‘ಕ್ಲಿಯೋಪಾತ್ರ’ದ ಸ್ಥಿರಚಿತ್ರಗಳು ಬೇಕಾದಷ್ಟಿವೆ, ಚಲಿಸುವ ತುಣುಕು ಮಾತ್ರ ಅತ್ಯಲ್ಪ. ಆ ಸ್ಥಿರಚಿತ್ರಗಳು ಪ್ರಚಾರಕ್ಕೆಂದು ಬೇರೆಯಾಗಿ ನಿಲ್ಲಿಸಿ ತೆಗೆದವು. ಅವುಗಳಿಂದ ನಟನೆಯನ್ನು ಅಳೆಯಲಾಗದು. ಅಮೆರಿಕದ ಸಿನ್ಸಿನಾಟಿಯ ಥಿಯೊಡೋಸಿಯಾ ಗುಡ್‌ಮನ್‌ರನ್ನು (ಬಾರಾ ಅವರ ನಿಜನಾಮ ಇದು) ಈಜಿಪ್ಟಿನ ಮರಳುಗಾಡಿನಲ್ಲಿ ಹುಟ್ಟಿದವಳೆಂದು ನಂಬಿಸಿದ್ದೂ ಇದೇ ಪ್ರಚಾರ. ಆಕೆಯ ಚಿತ್ರಜೀವನ ಮೊಟಕಾದದ್ದು ಅದರಿಂದಲೇ ಎಂಬುದು ನನ್ನ ಖಚಿತ ಅಭಿಪ್ರಾಯ. 1919ರಲ್ಲಿ ‘ಕ್ಯಾಥ್ಲೀನ್ ಮವೂರ್ನೀನ್’ ಚಿತ್ರದಲ್ಲಿ ಮುಗ್ಧ ಐರಿಷ್ ಹುಡುಗಿಯಾದಾಗ ಐರಿಷ್ ಅಮೆರಿಕನ್ನರು ತಿರುಗಿಬಿದ್ದರು. ಅದೇ ವರ್ಷ ಫಾಕ್ಸ್ ನಂಟು ಮುಗಿಯಿತು. ಆಮೇಲೆ 1925ರಲ್ಲಿ ಒಂದು ಚಿತ್ರ, 1926ರಲ್ಲಿ ನಿರ್ಮಾಪಕ ಹಾಲ್ ರೋಚ್‌ರ ಕಿರುಹಾಸ್ಯಚಿತ್ರ, ಅಷ್ಟೇ.

ಇನ್ನು ‘ಎ ಫೂಲ್ ದೇರ್ ವಾಸ್’ ನೋಡಿ ನಗುವವರಿಗೆ ಒಂದು ಮಾತು. ಆಗ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು, ಸೆಕೆಂಡಿಗೆ ಸುಮಾರು 16ರಿಂದ 18 ಚೌಕಟ್ಟು (ಫ್ರೇಮ್). ಅದನ್ನು ನಂತರ ರೂಢಿಗೆ ಬಂದ 24ರ ವೇಗದಲ್ಲಿ ಓಡಿಸಿದರೆ 1,000 ಅಡಿಯ ರೀಲು 16 ನಿಮಿಷದ ಬದಲು 11ರಲ್ಲೇ ಮುಗಿಯುತ್ತದೆ. ಸಾವಕಾಶವಾಗಿ ತಲೆ ತಿರುಗಿಸಿದ್ದು ಗೊಂಬೆಯ ಕುಣಿತದಂತೆ ಕಾಣುತ್ತದೆ. ಮೊದಲು ಜನರ ನಡಿಗೆ ಗಮನಿಸಿ. ಅವಸರ ಕಂಡರೆ ವಿಡಿಯೊ ಪ್ಲೇಯರ್‌ನ ವೇಗವನ್ನು 0.75ಕ್ಕೆ ಇಳಿಸಿ, ಸಹಜವಾಗಿದ್ದರೆ ಮುಟ್ಟಬೇಡಿ, ಪ್ರತಿ ಸಿದ್ಧಪಡಿಸಿದವರು ಆಗಲೇ ಸರಿಪಡಿಸಿರುತ್ತಾರೆ. ಕಾಡಿಗೆಯ ವಿಷಯವೂ ಹಾಗೆಯೇ. ಅಂದಿನ ಫಿಲ್ಮ್‌ಗೆ ಕೆಂಪು ಕಾಣುತ್ತಿರಲಿಲ್ಲ, ತುಟಿಯ ಕೆಂಪು ಕಪ್ಪಾಗಿ ಮೂಡುತ್ತಿತ್ತು. ಪ್ರತಿಯಿಂದ ಪ್ರತಿ ತೆಗೆದಂತೆಲ್ಲ ನಡುವಿನ ಬೂದು ಛಾಯೆಗಳು ಅಳಿದು, ಕಣ್ಣಿನ ಸುತ್ತಲಿನ ನೆರಳು ಮಸಿಯಾಗುತ್ತದೆ. ಆದಷ್ಟು ಮೂಲಕ್ಕೆ ಹತ್ತಿರದ ಪ್ರತಿಯನ್ನೇ ಹುಡುಕಿ ನೋಡಿ.