ದಪ್ಪ ಉಕ್ಕಿಗಿಂತ ತಳದ ಆಕಾರ ಮುಖ್ಯ

ನೆಲಬಾಂಬಿನಿಂದ ಸೈನಿಕರನ್ನು ಕಾಪಾಡಬೇಕಾದರೆ ವಾಹನಕ್ಕೆ ಇನ್ನಷ್ಟು ದಪ್ಪನೆಯ ಉಕ್ಕು ಹೊದಿಸಬೇಕು ಎಂಬ ನಂಬಿಕೆ ಈಗಲೂ ಬಲವಾಗಿದೆ. ನಾನದನ್ನು ಒಪ್ಪುವುದಿಲ್ಲ. 1970ರ ದಶಕದಲ್ಲೇ ರೊಡೇಷ್ಯಾ (ಇಂದಿನ ಜಿಂಬಾಬ್ವೆ) ಮತ್ತು ದಕ್ಷಿಣ ಆಫ್ರಿಕಾದ ತಂತ್ರಜ್ಞರು ಬೇರೆ ದಾರಿ ತೋರಿಸಿದ್ದರು. ಚಪ್ಪಟೆ ತಳ ಸ್ಫೋಟದ ಒತ್ತಡವನ್ನು ನೇರವಾಗಿ ಎದುರಿಸುತ್ತದೆ. ದೋಣಿಯಂತೆ ಎರಡೂ ಬದಿಗೆ ಇಳಿಜಾರಾದ ‘ವಿ’ ಆಕಾರದ ತಳ ಅದೇ ಒತ್ತಡದ ಬಹುಭಾಗವನ್ನು ಪಕ್ಕಕ್ಕೆ ಸರಿಸಿಬಿಡುತ್ತದೆ. ನೆಲದಿಂದ ತಳ ಎತ್ತರದಲ್ಲಿದ್ದಷ್ಟೂ ಹೊಡೆತ ಕ್ಷೀಣಿಸುತ್ತದೆ. ಚಕ್ರ, ಆಕ್ಸಲ್‌ಗಳು ಕಿತ್ತು ಹಾರಿದರೂ ಜನ ಕುಳಿತ ಕೋಶ ಒಡೆಯಬಾರದು ಎಂಬುದೇ ಈ ವಿನ್ಯಾಸದ ಲೆಕ್ಕಾಚಾರ. ಕವಚ ಒಡೆಯದಿದ್ದರೂ ನೆಲಹಾಸು ಒಮ್ಮೆಲೇ ಮೇಲೆದ್ದರೆ ಹಿಮ್ಮಡಿಯೂ ಬೆನ್ನುಮೂಳೆಯೂ ಮುರಿಯುತ್ತವೆ. ಆದ್ದರಿಂದಲೇ ಇಂದಿನ ವಾಹನಗಳಲ್ಲಿ ಆಸನಗಳನ್ನು ನೆಲಕ್ಕೆ ಜೋಡಿಸದೆ ಗೋಡೆಗೋ ಚಾವಣಿಗೋ ತೂಗುಹಾಕಿ, ಸೈನಿಕರನ್ನು ಪಟ್ಟಿಗಳಿಂದ ಬಿಗಿಯುತ್ತಾರೆ.

ಇಷ್ಟೆಲ್ಲ ತಿಳಿದಿದ್ದೂ ಬ್ರಿಟನ್ ತನ್ನ ಸೈನಿಕರನ್ನು ಇರಾಕಿನಲ್ಲಿ ‘ಸ್ನ್ಯಾಚ್’ ಲ್ಯಾಂಡ್ ರೋವರ್‌ಗಳಲ್ಲಿ ಗಸ್ತಿಗೆ ಕಳುಹಿಸಿತು. ಅದು ಉತ್ತರ ಐರ್ಲೆಂಡಿನ ಬೀದಿಗಳಿಗಾಗಿ ರೂಪುಗೊಂಡಿದ್ದ ಗಾಡಿ. ರಸ್ತೆಬದಿಯ ಬಾಂಬುಗಳ ಎದುರು ಅದು ನಿಲ್ಲಲಿಲ್ಲ. ಸೈನಿಕರೇ ಅದನ್ನು ಚಲಿಸುವ ಶವಪೆಟ್ಟಿಗೆ ಎಂದು ಕರೆದರು. ಮಕ್ಕಳನ್ನು ಕಳೆದುಕೊಂಡ ಕುಟುಂಬಗಳು ಸರ್ಕಾರದ ವಿರುದ್ಧ ದಾವೆ ಹೂಡಬಹುದೆಂದು 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಬದಲಿ ವಾಹನ ಒದಗಿಸುವಲ್ಲಿ ಆದ ವಿಳಂಬವನ್ನು ಸಹಿಸಬಾರದಾಗಿತ್ತು ಎಂದು ಇರಾಕ್ ಯುದ್ಧದಲ್ಲಿ ಬ್ರಿಟನ್ನಿನ ಪಾತ್ರವನ್ನು ವಿಚಾರಣೆ ಮಾಡಿದ 2016ರ ಚಿಲ್ಕಾಟ್ ವರದಿ ಸ್ಪಷ್ಟವಾಗಿ ಬರೆಯಿತು. ಇಲ್ಲಿ ಕೊರತೆಯಾಗಿದ್ದು ತಂತ್ರಜ್ಞಾನವಲ್ಲ, ಸಕಾಲದ ನಿರ್ಧಾರ. ಆ ಸಾವುಗಳನ್ನು ಯುದ್ಧದ ಅನಿವಾರ್ಯತೆ ಎಂದು ತಳ್ಳಿಹಾಕುವುದು ನನ್ನಿಂದಾಗದು.

ಕೊನೆಗೆ 2012ರಲ್ಲಿ ಬ್ರಿಟನ್ನಿನ ಹೊಸ ಗಸ್ತು ವಾಹನ ‘ಫಾಕ್ಸ್‌ಹೌಂಡ್’ ಅಫ್ಘಾನಿಸ್ತಾನ ತಲುಪಿತು. ಸುಮಾರು 7.5 ಟನ್ ತೂಕ, ಆರು ಜನರಿಗೆ ಜಾಗ, ಕೆಳಗೆ ‘ವಿ’ ತಳ, ಮೇಲೆ ಸಂಯುಕ್ತ ವಸ್ತುಗಳಿಂದ ಮಾಡಿದ ಕೋಶ. ಹಗುರವಾಗಿರುವುದು ಇಲ್ಲಿ ಬರೀ ಅನುಕೂಲವಲ್ಲ. ನೆಲಬಾಂಬು ಮತ್ತು ಹೊಂಚುದಾಳಿ ತಡೆಯಲೆಂದೇ ಮಾಡಿದ ಅಮೆರಿಕದ ಭಾರೀ ಎಂಆರ್‌ಎಪಿ ವಾಹನಗಳು ಇರಾಕಿನಲ್ಲಿ ಅನೇಕರ ಜೀವ ಉಳಿಸಿದವು, ನಿಜ. ಆದರೆ ಅಫ್ಘಾನಿಸ್ತಾನದ ಕಿರಿದಾದ ಗುಡ್ಡಗಾಡು ಹಾದಿಗಳಲ್ಲಿ ಅವು ತಿಣುಕಿದ್ದರಿಂದ 2009ರಲ್ಲಿ ಅದೇ ಬಗೆಯ ಚಿಕ್ಕ ವಾಹನವಾದ ಎಂ-ಎಟಿವಿಗೆ ಬೇಡಿಕೆ ಸಲ್ಲಿಸಬೇಕಾಯಿತು. ರಸ್ತೆ ಬಿಟ್ಟು ಇಳಿಯಲಾಗದ ವಾಹನ ಎಲ್ಲಿ ಹಾದುಹೋಗುತ್ತದೆ ಎಂಬುದು ಬಾಂಬು ಹೂಳುವವನಿಗೆ ಮೊದಲೇ ಗೊತ್ತಿರುತ್ತದೆ.

ಯಾವ ವಾಹನವೂ ಅಭೇದ್ಯವಲ್ಲ. ಸೇನಾ ವಾಹನಗಳ ರಕ್ಷಣೆಯನ್ನು ಹಂತಗಳಲ್ಲಿ ಅಳೆಯುವ ನ್ಯಾಟೋದ 4569ನೇ ಮಾನದಂಡದಲ್ಲಿ ನೆಲಬಾಂಬಿನ ಎರಡನೇ ಹಂತವೆಂದರೆ 6 ಕಿಲೋ ಸ್ಫೋಟಕ, ನಾಲ್ಕನೆಯದು 10 ಕಿಲೋ. ಅದಕ್ಕಿಂತ ಹೆಚ್ಚು ಹೂತರೆ ಆ ಪ್ರಮಾಣಪತ್ರದ ಭರವಸೆ ಮುಗಿಯಿತು. ಹೀಗಾಗಿ ಯಾವುದೇ ಸೇನೆ ಇಂಥ ವಾಹನ ಕೊಳ್ಳುವಾಗ ಕವಚದ ದಪ್ಪ ಕೇಳುವ ಮೊದಲು, ಪರೀಕ್ಷೆಯಲ್ಲಿ ಬಾಂಬು ಸಿಡಿದದ್ದು ಚಕ್ರದಡಿಯೋ ಹೊಟ್ಟೆಯಡಿಯೋ, ಆಸನ ಯಾವುದಕ್ಕೆ ಜೋಡಣೆಯಾಗಿದೆ ಎಂಬುದನ್ನು ಕೇಳಿ, ಲಿಖಿತ ಉತ್ತರ ಪಡೆಯಬೇಕು.