ಕರ್ಣನಿಗೆ ಯಾವ ಬಣ್ಣ?

ಕಳೆದ ವಾರ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಮಹಾಭಾರತದ ಯಾರಾದರೂ ಒಬ್ಬರನ್ನು ಕಾಗದದ ಮೇಲೆ ತೋರಿಸಬೇಕು. ಮುಖ ಬರೆಯುವ ಹಾಗಿಲ್ಲ. ಕಿರೀಟ, ಗದೆ, ಬಿಲ್ಲು ಏನೂ ಇಲ್ಲ. ಬರೀ ಬಣ್ಣ, ಆಕಾರ. “ಇದು ಡ್ರಾಯಿಂಗ್ ಪಿರಿಯಡ್ ಏನ್ರಿ ಟೀಚರ್?” ಅಂತ ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ಕನ್ನಡ ಪಿರಿಯಡ್ಡೇ, ಸುಮ್ನೆ ಬರಿ ಅಂದೆ.

ಐಡಿಯಾ ನನ್ನದಲ್ಲ. ಯಾವುದೋ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಜೊತೆಗೊಂದು ಚಾರ್ಟೂ ಕೊಟ್ಟಿದ್ದರು. ಬಿಳಿ ಅಂದರೆ ಒಳ್ಳೆಯದು, ಕಪ್ಪು ಅಂದರೆ ಕೆಟ್ಟದ್ದು, ಕೆಂಪು ಸಿಟ್ಟು, ವೃತ್ತ ಶಾಂತಿ, ತ್ರಿಕೋನ ಅಪಾಯ. ಐಡಿಯಾ ಹಿಡಿಸಿತು. ಚಾರ್ಟ್ ನೋಡಿ ಮೈ ಉರಿಯಿತು. ಮಕ್ಕಳಿಗೆ ಅದನ್ನು ತೋರಿಸಲೇ ಇಲ್ಲ. ಆದರೂ ದುರ್ಯೋಧನನನ್ನು ಆರಿಸಿಕೊಂಡವರೆಲ್ಲ ಕಪ್ಪು ಬಳಿದು ತಂದರು. ಯಾಕೆ ಅಂದರೆ, “ಕೆಟ್ಟಾವ ಅಲ್ರೀ ಟೀಚರ್?”

ಸರಿ, ಹಾಗಾದರೆ ಕೃಷ್ಣ? ಅವನ ಹೆಸರೇ ಕಪ್ಪು. ದ್ರೌಪದಿಗೂ ಕೃಷ್ಣೆ ಅಂತ ಹೆಸರಿದೆ. ಕಥೆ ಹೇಳಿದ ವ್ಯಾಸರು ಕೃಷ್ಣದ್ವೈಪಾಯನ, ಅಂದರೆ ದ್ವೀಪದಲ್ಲಿ ಹುಟ್ಟಿದ ಕರಿಯ. ಅರ್ಜುನನದು ಇನ್ನೂ ಮಜಾ ಇದೆ. ವಿರಾಟಪರ್ವದಲ್ಲಿ ಉತ್ತರಕುಮಾರನಿಗೆ ತನ್ನ ಹತ್ತು ಹೆಸರು ಬಿಡಿಸಿ ಹೇಳುತ್ತಾನಲ್ಲ, ಅದರಲ್ಲಿ ಅರ್ಜುನವೂ ಇದೆ, ಕೃಷ್ಣವೂ ಇದೆ. ಅರ್ಜುನ ಅಂದರೆ ಬಿಳಿ. ನಾನು ಮಾಡುವ ಕೆಲಸ ಶುಭ್ರ, ಅದಕ್ಕೆ ಆ ಹೆಸರು ಅನ್ನುತ್ತಾನೆ. ಕೃಷ್ಣ ಅನ್ನುವುದು ಅಪ್ಪ ಮೈಬಣ್ಣ ನೋಡಿ ಇಟ್ಟದ್ದು. ಮೈ ಕಪ್ಪು, ಕೆಲಸ ಬಿಳಿ. ಚಾರ್ಟಿನಲ್ಲಿ ಇವನನ್ನು ಎಲ್ಲಿ ಕೂರಿಸೋಣ? ಇನ್ನು ಪಾಂಡು. ಅವನ ಬಿಳಿ ಬಂದದ್ದು, ತಾಯಿ ವ್ಯಾಸರನ್ನು ಕಂಡು ಬಿಳಿಚಿಕೊಂಡದ್ದರಿಂದ. ಅಲ್ಲಿ ಬಿಳಿ ಅಂದರೆ ಹೆದರಿಕೆ.

ಕೊಪ್ಪಳದ ಬಿಸಿಲಲ್ಲಿ ಬೆಳೆದ ಮಕ್ಕಳು ನಮ್ಮವು. ಕ್ಲಾಸಿನಲ್ಲಿ ಮುಕ್ಕಾಲು ಜನ ಕಪ್ಪಗಿದ್ದಾರೆ, ನಾನೂ ಸೇರಿ. ಕಪ್ಪು ಕೆಟ್ಟದ್ದು ಅಂತ ಯಾವ ಬಾಯಲ್ಲಿ ಹೇಳಲಿ?

ಕಥಕಳಿಯವರು ಇದನ್ನು ಎಷ್ಟು ಚೆಂದ ಬಗೆಹರಿಸಿದ್ದಾರೆ ನೋಡಿ. ರಾಮನಂಥವರ ಮುಖಕ್ಕೆ ಹಸಿರು. ರಾವಣ, ದುರ್ಯೋಧನ, ಕೀಚಕನಿಗೂ ತಳದಲ್ಲಿ ಅದೇ ಹಸಿರು! ಅವರೂ ಅರಸು ಮನೆಯವರೇ ತಾನೆ. ಆ ಹಸಿರಿನ ಮೇಲೆ ಕೆಂಪು ಎಳೆಯುತ್ತಾರೆ, ಮೂಗಿನ ತುದಿಗೆ ಬಿಳಿ ಉಂಡೆ ಅಂಟಿಸುತ್ತಾರೆ. ಒಳ್ಳೆಯದು ಇತ್ತು, ಅದರ ಮೇಲೆ ಸೊಕ್ಕು ಬೆಳೆಯಿತು ಅಂತ ನಾನು ಓದಿಕೊಳ್ಳುತ್ತೇನೆ.

ಆಕಾರದ ವಿಷಯದಲ್ಲಿ ಚಾರ್ಟ್ ಪೂರ್ತಿ ಸುಳ್ಳಲ್ಲ, ಒಪ್ಪುತ್ತೇನೆ. ಕೀಚಕನನ್ನು ಬರೆದ ಮೂವರೂ ಚೂಪು ಮೂಲೆಗಳನ್ನೇ ಬರೆದಿದ್ದರು. ಭೀಮ ಎಲ್ಲರ ಹಾಳೆಯಲ್ಲೂ ಗುಂಡಗೆ. ಊಟ ಜಾಸ್ತಿ ಅಲ್ವಾ, ಅದಕ್ಕೂ ಇರಬಹುದು. ಆದರೆ ಹೆಸರಿನ ಸದ್ದೂ ಕೈ ಹಿಡಿದು ಬರೆಸಿದೆ ಅಂತ ನನಗೆ ಅನುಮಾನ. 1929ರಲ್ಲಿ ಕೋಲರ್ ಎಂಬ ಮನಶ್ಶಾಸ್ತ್ರಜ್ಞ ಒಂದು ಗುಂಡು ಚಿತ್ರ, ಒಂದು ಮೊನಚು ಚಿತ್ರ ತೋರಿಸಿ, ಬಲುಮ ಯಾವುದು, ತಕೇಟೆ ಯಾವುದು ಅಂತ ಕೇಳಿದ. ಎರಡೂ ಅರ್ಥವಿಲ್ಲದ ಮಾತು. ಆದರೂ ಜನ ಗುಂಡಿಗೆ ಬಲುಮ, ಮೊನಚಿಗೆ ತಕೇಟೆ ಅಂದರು. ಕೀಚಕ ಅಂತ ಒಮ್ಮೆ ಜೋರಾಗಿ ಹೇಳಿ ನೋಡಿ, ನಾಲಿಗೆಗೇ ಚುಚ್ಚುತ್ತದೆ. ಭೀಮ ಅಂದರೆ ಬಾಯಿ ತುಂಬುತ್ತದೆ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಬ್ಬ ಹುಡುಗಿಯ ಕರ್ಣ. ಅಡ್ಡಕ್ಕೊಂದು ಗೆರೆ. ಅದರ ಮೇಲೆ ಕೇಸರಿ ಬಣ್ಣದ ಅರ್ಧ ವೃತ್ತ. ಅಷ್ಟೇ. “ಗಾಲಿ ಐತ್ರಿ, ನೆಲದಾಗ ಸಿಕ್ಕೊಂಡೈತಿ” ಅಂದಳು. ಪಕ್ಕದವಳು ಬಗ್ಗಿ ನೋಡಿ, “ಗಾಲಿ ಎಲ್ಲೈತಿ? ಹೊತ್ತು ಮುಳುಗಾಕತ್ತೈತಿ” ಅಂದಳು. ನನಗೆ ಮಾತು ಹೊರಡಲಿಲ್ಲ. ಸೂರ್ಯನ ಮಗ. ಹದಿನೇಳನೇ ದಿನದ ರಥ. ಇಬ್ಬರೂ ಹೇಳಿದ್ದು ಸರಿ. ಹೊತ್ತು ಹುಟ್ಟುತ್ತಿದೆ ಅಂದಿದ್ದರೂ ನಾನು ತಲೆಯಾಡಿಸುತ್ತಿದ್ದೆ.

ಅವತ್ತು ರಾತ್ರಿ ತೊಗಲು ಗೊಂಬೆ ನೆನಪಾಯಿತು. ನಮ್ಮ ಕಡೆಯ ಆಟವೇ ಅದು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ಹೆಸರು ಕೇಳದವರು ಇಲ್ಲಿ ಕಡಿಮೆ. ಹದ ಮಾಡಿದ ಚರ್ಮ, ಹಿಂದೆ ದೀಪ. ದೀಪ ಹಚ್ಚುವವರೆಗೆ ಬಣ್ಣಕ್ಕೆ ಜೀವವಿಲ್ಲ. ಅದರಲ್ಲಿ ಅಳತೆಗೂ ಅರ್ಥ ಇದೆ. ದೇವರು, ಅರಸರ ಗೊಂಬೆ ದೊಡ್ಡದು. ಆಳುಕಾಳುಗಳದು ಸಣ್ಣದು.

ಮರುದಿನ ಕ್ಲಾಸಿನಲ್ಲಿ ಕೇಳಿದೆ: ಕರ್ಣನ ಗೊಂಬೆ ಎಷ್ಟು ದೊಡ್ಡದಿರಬೇಕು? ಅಂಗರಾಜ ಅಂತ ದೊಡ್ಡದೋ, ಸೂತನ ಮನೆಯಲ್ಲಿ ಬೆಳೆದವನು ಅಂತ ಸಣ್ಣದೋ? ಗಂಟೆ ಹೊಡೆದರೂ ಜಗಳ ಮುಗಿಯಲಿಲ್ಲ. ಎರಡು ಗೊಂಬೆ ಮಾಡೋಣ ಅಂದ ಒಬ್ಬ. ದುರ್ಯೋಧನ ಪಕ್ಕದಲ್ಲಿದ್ದಾಗ ದೊಡ್ಡದು, ದ್ರೌಪದಿ ಸ್ವಯಂವರದಲ್ಲಿ ಸಣ್ಣದು. ಸ್ವಯಂವರದ ಹೊತ್ತಿಗೆ ಅವನು ಅಂಗರಾಜ ಆಗಿದ್ದ ಅಂತ ನಾನು ತಿದ್ದಲು ಹೋದೆ. “ಆಗಿದ್ನರಿ, ಆದ್ರ ಅಲ್ಲಿ ಯಾರೂ ಅವನ್ನ ದೊಡ್ಡಾವ ಅನ್ಲಿಲ್ಲಲ್ರಿ” ಅಂದ.

ಮುಂದಿನ ವಾರ ವಿದುರ. ದಾಸಿಯ ಮಗ, ಹಸ್ತಿನಾವತಿಯ ಮಂತ್ರಿ. ನೀವಾಗಿದ್ದರೆ ಎಷ್ಟು ದೊಡ್ಡ ಗೊಂಬೆ ಮಾಡುತ್ತಿದ್ದಿರಿ?