ಹೀರೋ ಬಂದೂಕಲ್ಲೂ ಗುಂಡು ಖಾಲಿಯಾಗಲಿ

ಎಕೆ-47 ಬಂದೂಕಿನ ಮಾಮೂಲಿ ಮ್ಯಾಗಜೀನ್‌ನಲ್ಲಿ, ಅಂದರೆ ಗುಂಡು ತುಂಬುವ ಡಬ್ಬಿಯಲ್ಲಿ, 30 ಗುಂಡು ಹಿಡಿಯುತ್ತವೆ. ಅದು ಹಾರಿಸುವ ವೇಗ ನಿಮಿಷಕ್ಕೆ ಸುಮಾರು 600. ನೀವೇ ಲೆಕ್ಕ ಹಾಕಿ. ಟ್ರಿಗರ್ ಒತ್ತಿ ಹಿಡಿದರೆ 3 ಸೆಕೆಂಡು, ಅಷ್ಟೇ. ಹೀರೋ ಒಂದು ಸಲ ಬಾಯಿಬಿಟ್ಟು ಕಿರುಚುವಷ್ಟರಲ್ಲಿ ಬಂದೂಕು ಖಾಲಿ. ಆದರೆ ತೆರೆ ಮೇಲೆ ಅವನು ಸ್ಲೋ ಮೋಷನ್‌ನಲ್ಲಿ ಎರಡು ಗೋಡೌನ್ ದಾಟುತ್ತಾನೆ. ಹಿನ್ನೆಲೆ ಹಾಡು ಪಲ್ಲವಿ ಮುಗಿಸಿ ಚರಣಕ್ಕೆ ಬರುತ್ತದೆ. ಗುಂಡು ಮಾತ್ರ ಮುಗಿಯುವುದೇ ಇಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಆ್ಯಕ್ಷನ್ ಸಿನಿಮಾ ಬೈಯುವವನಲ್ಲ. ಸಿಕ್ಕಿದ್ದೆಲ್ಲ ನೋಡುವವನು. 1978ರ ಕತೆಯಲ್ಲಿ 1990ರ ಪಿಸ್ತೂಲ್ ಹೇಗೆ ಬಂತು ಅಂತ ಸ್ಕ್ರೀನ್‌ಶಾಟ್ ಹಾಕಿ ಕೆಂಪು ವೃತ್ತ ಎಳೆಯುವವರಿದ್ದಾರೆ. ಅವರ ತಾಳ್ಮೆಗೆ ನಮಸ್ಕಾರ. ನನಗೆ ಆ ತಲೆನೋವು ಬೇಡ. ಬಂದೂಕಿನ ಮಾಡೆಲ್ ಯಾವುದಾದರೂ ಇರಲಿ, ಅದರಲ್ಲಿ ಗುಂಡು ಮುಗಿಯಬೇಕು. ಇಷ್ಟೇ ನನ್ನ ಬೇಡಿಕೆ. ಇದನ್ನು ಕೇಳುತ್ತಿರುವುದು ವಾಸ್ತವದ ಮೇಲಿನ ಭಕ್ತಿಯಿಂದಲ್ಲ. ಗುಂಡು ಮುಗಿಯದಿದ್ದರೆ ಭಯ ಹುಟ್ಟುವುದಿಲ್ಲ. ಭಯ ಇಲ್ಲದ ಫೈಟ್ ನೋಡುತ್ತಾ ಕೂತರೆ ನನಗೆ ಆಕಳಿಕೆ ಬರುತ್ತದೆ.

1995ರ 'ಹೀಟ್' ನೋಡಿದವರಿಗೆ ನಾನು ಹೇಳುತ್ತಿರುವುದು ತಕ್ಷಣ ಗೊತ್ತಾಗುತ್ತದೆ. ಮೈಕೆಲ್ ಮಾನ್ ನಿರ್ದೇಶನದ ಸಿನಿಮಾ. ಬ್ಯಾಂಕ್ ದರೋಡೆ ಮುಗಿಸಿ ಕಳ್ಳರು ಲಾಸ್ ಏಂಜಲಿಸ್‌ನ ನಡುಬೀದಿಗೆ ಬರುತ್ತಾರೆ, ಪೊಲೀಸರು ಎದುರಾಗುತ್ತಾರೆ. ಅಲ್ಲಿಂದ ಮುಂದಿನ ಕೆಲವು ನಿಮಿಷ ಉಸಿರು ಬಿಡಲು ಆಗುವುದಿಲ್ಲ. ವ್ಯಾಲ್ ಕಿಲ್ಮರ್ ಗುಂಡು ಹಾರಿಸುತ್ತಾ ಇರುತ್ತಾನೆ, ಮ್ಯಾಗಜೀನ್ ಮುಗಿಯುತ್ತದೆ, ಕ್ಷಣದಲ್ಲಿ ಬದಲಾಯಿಸಿ ಮತ್ತೆ ಶುರು ಮಾಡುತ್ತಾನೆ. ಕ್ಯಾಮೆರಾ ಅದನ್ನು ದೊಡ್ಡ ಸಾಹಸ ಅಂತ ತೋರಿಸುವುದೇ ಇಲ್ಲ. ಒಬ್ಬ ಓಡುವಾಗ ಇನ್ನೊಬ್ಬ ನಿಂತು ಗುಂಡು ಹಾರಿಸಿ ಅವನನ್ನು ಕಾಯುತ್ತಾನೆ. ಆಮೇಲೆ ಇವನು ಓಡುತ್ತಾನೆ, ಅವನು ನಿಲ್ಲುತ್ತಾನೆ. ಆಂಡಿ ಮೆಕ್‌ನ್ಯಾಬ್ ಅನ್ನುವ ಹೆಸರಲ್ಲಿ ಪುಸ್ತಕ ಬರೆಯುವ ಬ್ರಿಟಿಷ್ ಸೇನೆಯ ವಿಶೇಷ ಪಡೆ ಎಸ್‌ಎಎಸ್‌ನ ಮಾಜಿ ಸೈನಿಕ ಆ ನಟರಿಗೆ ತರಬೇತಿ ಕೊಟ್ಟಿದ್ದ. ಅದು ಅವರ ಕೈಯಲ್ಲಿ ಕಾಣುತ್ತದೆ.

ಇನ್ನು ಶಬ್ದದ ವಿಷಯ. ಸಾಮಾನ್ಯವಾಗಿ ಶೂಟಿಂಗ್ ಜಾಗದ ಶಬ್ದ ತೆಗೆದುಹಾಕಿ, ಸ್ಟುಡಿಯೋದಲ್ಲಿ ಬೇರೆ ಢಮ್ ಢಮ್ ಸೇರಿಸುತ್ತಾರೆ. ಮಾನ್ ಮಾತ್ರ ಆ ಬೀದಿಯಲ್ಲೇ ರೆಕಾರ್ಡ್ ಆದ ಶಬ್ದವನ್ನು ಉಳಿಸಿಕೊಂಡ. ಎರಡೂ ಕಡೆ ಎತ್ತರದ ಕಟ್ಟಡ, ಮಧ್ಯೆ ಬ್ಲ್ಯಾಂಕ್ ತೋಟಾ (ಮದ್ದು ಮಾತ್ರ ಇರುವ, ಸೀಸದ ಗುಂಡಿಲ್ಲದ ತೋಟಾ) ಸಿಡಿದು ಗೋಡೆಯಿಂದ ಗೋಡೆಗೆ ಬಡಿದು ಬರುವ ಪ್ರತಿಧ್ವನಿ. ಹಿನ್ನೆಲೆ ಸಂಗೀತ ಇಲ್ಲ. ಒಳ್ಳೆಯ ಹೆಡ್‌ಫೋನ್ ಇದ್ದರೆ ಇವತ್ತೇ ರಾತ್ರಿ ನೋಡಿ. ಪಕ್ಕದ ಮನೆಯವರ ಹಿತದೃಷ್ಟಿಯಿಂದ ಹೆಡ್‌ಫೋನ್ ಅಂದೆ.

ಈ ಕಾಲದವರು ತಕ್ಷಣ 'ಜಾನ್ ವಿಕ್' ಹೆಸರು ಎತ್ತುತ್ತಾರೆ. ಒಪ್ಪುತ್ತೇನೆ. 2014ರಲ್ಲಿ ಮೊದಲ ಭಾಗ ಬಂದಾಗ ಕೀನು ರೀವ್ಸ್ ಮ್ಯಾಗಜೀನ್ ಬದಲಿಸುವುದನ್ನು ನೋಡಿಯೇ ಜನ ಸಿಳ್ಳೆ ಹೊಡೆದರು. ನಿರ್ದೇಶಕ ಚಾಡ್ ಸ್ಟಾಹೆಲ್ಸ್ಕಿ ಮೂಲತಃ ಸ್ಟಂಟ್ ಮನುಷ್ಯ, 'ಮೇಟ್ರಿಕ್ಸ್'ನಲ್ಲಿ ಕೀನುಗೆ ಡ್ಯೂಪ್ ಆಗಿದ್ದವನು. ಗುಂಡು ಮುಗಿಯುವ ಕ್ಷಣವನ್ನೇ ಫೈಟ್‌ನ ತಿರುವು ಮಾಡಿಕೊಳ್ಳಬಹುದು ಅಂತ ಅವನಿಗೆ ಗೊತ್ತು. ಮುಗಿದಾಗ ಬಂದೂಕನ್ನೇ ಎಸೆಯುತ್ತಾನೆ, ಎದುರಾಳಿಯದನ್ನು ಕಿತ್ತುಕೊಳ್ಳುತ್ತಾನೆ, ಒಬ್ಬನನ್ನು ನೆಲಕ್ಕೆ ಒತ್ತಿ ಹಿಡಿದೇ ರೀಲೋಡ್ ಮಾಡುತ್ತಾನೆ. ಎರಡನೇ ಭಾಗಕ್ಕೆ ಕೀನು ಶೂಟಿಂಗ್ ರೇಂಜ್‌ನಲ್ಲಿ ನಿಜವಾದ ಗುಂಡು ಹಾರಿಸಿ ಅಭ್ಯಾಸ ಮಾಡಿದ ವಿಡಿಯೋ ಸಿನಿಮಾಗಿಂತ ಜಾಸ್ತಿ ಓಡಾಡಿತು.

ಆದರೆ ಅದೇ ಎರಡನೇ ಭಾಗದಲ್ಲಿ ಒಂದು ದೃಶ್ಯ ಇದೆ. ನ್ಯೂಯಾರ್ಕ್‌ನ ಜನ ತುಂಬಿದ ನಿಲ್ದಾಣದಲ್ಲಿ ಇಬ್ಬರು ನಡೆಯುತ್ತಲೇ, ಕೋಟಿನ ಮರೆಯಿಂದ, ಸೈಲೆನ್ಸರ್ ಹಾಕಿದ ಪಿಸ್ತೂಲಿನಲ್ಲಿ ಒಬ್ಬರಿಗೊಬ್ಬರು ಗುಂಡು ಹಾರಿಸಿಕೊಳ್ಳುತ್ತಾರೆ. ಸುತ್ತ ಒಬ್ಬರೂ ತಿರುಗಿ ನೋಡುವುದಿಲ್ಲ! ಪಿಸ್ತೂಲ್ ಸಿಡಿದಾಗ ಸುಮಾರು 160 ಡೆಸಿಬೆಲ್ ಶಬ್ದ. ಸೈಲೆನ್ಸರ್ ಅದರಲ್ಲಿ 20ರಿಂದ 35 ಕಡಿಮೆ ಮಾಡಬಹುದು. ಉಳಿದಿದ್ದೇ ನಮ್ಮ ಗಣೇಶನ ಮೆರವಣಿಗೆಯ ಡಿಜೆ ಪಕ್ಕ ನಿಂತಷ್ಟು. ಅದನ್ನು 'ಫುಟ್ ಫುಟ್' ಅಂತ ಉಸಿರಾಟದ ಸದ್ದು ಮಾಡಿಬಿಟ್ಟರು. ಆದರೂ ನನಗೆ ಆ ದೃಶ್ಯ ಇಷ್ಟ. ಅದು ತಮಾಷೆ ಅಂತ ಸಿನಿಮಾಗೂ ಗೊತ್ತು, ನಮಗೂ ಗೊತ್ತು.

ನಿಜವಾದ ಗುಂಡಿನ ಕಾಳಗ ಹೇಗಿರುತ್ತದೆ? ಬಹುಪಾಲು ಗುಂಡು ಯಾರಿಗೂ ತಾಗುವುದಿಲ್ಲ. 1997ರ ಫೆಬ್ರವರಿ 28ರಂದು ಲಾಸ್ ಏಂಜಲಿಸ್‌ನ ನಾರ್ತ್ ಹಾಲಿವುಡ್‌ನಲ್ಲಿ ಇಬ್ಬರು ಬ್ಯಾಂಕ್ ದರೋಡೆಕೋರರು ಮೈತುಂಬಾ ಗುಂಡು ನಿರೋಧಕ ಕವಚ ತೊಟ್ಟು ಪೊಲೀಸರ ಮೇಲೆ ಮುಗಿಬಿದ್ದರು. ಪೊಲೀಸರ ಪಿಸ್ತೂಲಿನ ಗುಂಡು ಆ ಕವಚಕ್ಕೆ ನಾಟಲಿಲ್ಲ. ಕೊನೆಗೆ ಪೊಲೀಸರೇ ಹತ್ತಿರದ ಬಂದೂಕಿನಂಗಡಿಗೆ ಓಡಿ ರೈಫಲ್ ತಂದರು. ಮುಕ್ಕಾಲು ಗಂಟೆಯ ಹತ್ತಿರ ನಡೆದ ಆ ಕಾಳಗದಲ್ಲಿ ಎರಡೂ ಕಡೆ ಸೇರಿ ಸುಮಾರು 2000 ಗುಂಡು ಹಾರಿದವು. ಪೊಲೀಸರು, ಸಾರ್ವಜನಿಕರು ಅನೇಕರು ಗಾಯಗೊಂಡರು. ಸತ್ತವರು ಆ ಇಬ್ಬರು ದರೋಡೆಕೋರರು ಮಾತ್ರ. ಇದನ್ನು ಹಾಗೇ ಸಿನಿಮಾ ಮಾಡಿದರೆ 'ಏನ್ರೀ ಇದು, ಒಂದೂ ಬೀಳ್ತಿಲ್ಲ' ಅಂತ ನಾವೇ ಎದ್ದು ಹೋಗುತ್ತೇವೆ, ಅಲ್ವಾ? ಹಾಗಾಗಿ ಪೂರ್ತಿ ವಾಸ್ತವ ಯಾರಿಗೂ ಬೇಡ. ನನಗೂ ಬೇಡ.

ಗುಂಡಿನ ಲೆಕ್ಕ ನಮ್ಮ ಕಡೆಯವರಿಗೆ ಹೊಸದೇನೂ ಅಲ್ಲ. ಮಲೆನಾಡಿನ ಹಳೆಯ ಶಿಕಾರಿ ಕತೆ ಕೇಳಿ ಬೆಳೆದವರಿಗೆ ಗೊತ್ತು. ಜೋಡುನಳಿಗೆ ಕೋವಿ ಅಂದರೆ ಎರಡೇ ಈಡು. ಮೊದಲನೆಯದು ತಪ್ಪಿತು, ಹಂದಿ ತಿರುಗಿತು, ಇನ್ನು ಉಳಿದಿರುವುದು ಒಂದು. ಕತೆ ಹೇಳುವ ಅಜ್ಜ ಅಲ್ಲೇ ನಿಲ್ಲಿಸಿ ಎಲೆಗೆ ಸುಣ್ಣ ಸವರುತ್ತಿದ್ದ. ಕೇಪಿನ ಕೋವಿಯ ಕತೆಯಾದರೆ ಇನ್ನೂ ಮಜಾ. ಒಂದೇ ಈಡು, ಆಮೇಲೆ ಮದ್ದು ಸುರಿದು, ಗಜ ಅನ್ನುವ ಕಡ್ಡಿಯಲ್ಲಿ ಜಡಿದು, ಚರೆ ಹಾಕಿ, ಕಿಡಿ ಹತ್ತಿಸುವ ಕೇಪು ಕೂರಿಸುವಷ್ಟರಲ್ಲಿ ಹಂದಿ ಇರಬೇಕು ಅಥವಾ ನಾವಿರಬೇಕು. ಕೊಡಗಿನಲ್ಲಂತೂ ಗುಂಡಿನ ಎಣಿಕೆಯೇ ಸುದ್ದಿ. ಗಂಡು ಮಗು ಹುಟ್ಟಿದರೆ ಒಂದು, ಮನೆಯಲ್ಲಿ ಸಾವಾದರೆ ಎರಡು. ಸದ್ದು ಕೇಳಿದವರು ಎಣಿಸಿಯೇ ಎಣಿಸುತ್ತಾರೆ.

ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದವರಿಗೂ ಇದು ಗೊತ್ತಿರುತ್ತದೆ. ಪಾಯಿಂಟ್ ಟೂ ಟೂ ರೈಫಲ್, ಮಣ್ಣಲ್ಲಿ ಬೋರಲು ಮಲಗಿ, 25 ಗಜದಾಚೆಯ ಟಾರ್ಗೆಟ್. ಉಸ್ತಾದರು ಗುಂಡು ಎಣಿಸಿ ಕೈಗಿಡುತ್ತಿದ್ದರು. ಮುಗಿದ ಮೇಲೆ ಖಾಲಿ ಖೋಕಾ, ಅಂದರೆ ಹಾರಿದ ಗುಂಡು ಬಿಟ್ಟುಹೋದ ಚಿಪ್ಪು, ಎಣಿಸಿ ವಾಪಸ್ ತೆಗೆದುಕೊಳ್ಳುತ್ತಿದ್ದರು. ಒಂದು ಕಡಿಮೆಯಾದರೆ ಇಡೀ ಸಾಲಿನವರು ಹುಲ್ಲಲ್ಲಿ ಬಗ್ಗಿ ಹುಡುಕಬೇಕು. ಅಲ್ಲಿ ಕಲಿಸುವ ಇನ್ನೊಂದು ಪಾಠ, ಹಾರಿಸು ಅನ್ನುವವರೆಗೆ ಬೆರಳು ಟ್ರಿಗರ್ ಮೇಲೆ ಇರಬಾರದು. ಅದಕ್ಕೇ ಇರಬೇಕು, ನಮ್ಮ ಪೋಸ್ಟರ್‌ಗಳಲ್ಲಿ ಹೀರೋ ಪಿಸ್ತೂಲನ್ನು ಕೆನ್ನೆ ಪಕ್ಕ ಹಿಡಿದು, ಟ್ರಿಗರ್ ಮೇಲೆ ಬೆರಳಿಟ್ಟು ನಿಂತಿದ್ದರೆ ನನಗೆ ಅವನ ಕಿವಿಯ ಚಿಂತೆ.

ಹೇಳಲೇಬೇಕಾದ ಇನ್ನೊಂದು ಕಿರಿಕಿರಿ, 'ಚಕ್-ಚಕ್'. ವಿಲನ್ ಐದು ನಿಮಿಷ ಪಿಸ್ತೂಲ್ ತೋರಿಸಿ ಹೆದರಿಸುತ್ತಾನೆ. ಮಾತಿಗೆ ತೂಕ ಬೇಕು ಅನ್ನಿಸಿದಾಗ ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಹಿಂದಕ್ಕೆ ಎಳೆದು ಬಿಡುತ್ತಾನೆ. ಅಂದರೆ ಇಷ್ಟು ಹೊತ್ತು ಛೇಂಬರ್‌ನಲ್ಲಿ, ಅಂದರೆ ಗುಂಡು ಹಾರಲು ಸಿದ್ಧವಾಗಿ ಕೂರುವ ಜಾಗದಲ್ಲಿ, ಗುಂಡೇ ಇರಲಿಲ್ಲ. ಇದ್ದಿದ್ದರೆ ಈಗ ಎಳೆದಾಗ ಒಂದು ಒಳ್ಳೆಯ ಗುಂಡು ಹೊರಗೆ ಬಿದ್ದು ಉರುಳಬೇಕಿತ್ತು. ಎರಡರಲ್ಲಿ ಯಾವುದಾದರೂ ಅವನು ದಡ್ಡನೇ.

'ಕೆಜಿಎಫ್ ಚಾಪ್ಟರ್ 2' ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ರಾಕಿ 'ದೊಡ್ಡಮ್ಮ' ಅನ್ನುವ ಮಷಿನ್ ಗನ್ ಹಿಡಿದು ಪೊಲೀಸ್ ಠಾಣೆಯನ್ನು ಪುಡಿ ಮಾಡುವುದು, ಜೀಪುಗಳು ಹಾರುವುದು, ಕೊನೆಗೆ ಕೆಂಪಾದ ನಳಿಗೆಗೆ ಸಿಗರೇಟ್ ಒತ್ತಿ ಹಚ್ಚಿಕೊಳ್ಳುವುದು. ನಾನೂ ಥಿಯೇಟರಿನಲ್ಲಿ ಕೂಗಿದವನೇ. ಅಷ್ಟು ದೊಡ್ಡ ಮಷಿನ್ ಗನ್‌ಗೆ ಗುಂಡಿನ ಸರ ಎಷ್ಟು ಉದ್ದ ಬೇಕು ಅಂತ ಅಲ್ಲಿ ಕೂತು ಲೆಕ್ಕ ಹಾಕುವವನು ಪಕ್ಕದವನ ಮಜಾನೂ ಕೆಡಿಸುತ್ತಾನೆ. ಆದರೆ ಗಮನಿಸಿ, ಆ ದೃಶ್ಯದಲ್ಲಿ ನೆನಪಾಗಿ ಉಳಿದಿದ್ದು ಜೀಪು ಹಾರಿದ್ದಲ್ಲ, ಸಿಗರೇಟ್. ಬಿಡದೆ ಗುಂಡು ಹಾರಿಸಿದರೆ ನಳಿಗೆ ಕೆಂಪಗೆ ಕಾಯುವುದು ನಿಜ. ಅದಕ್ಕೇ ಮಷಿನ್ ಗನ್ ಪಡೆಯವರು ಬದಲಿ ನಳಿಗೆ ಇಟ್ಟುಕೊಳ್ಳುತ್ತಾರೆ. ಅಷ್ಟೆಲ್ಲ ಉತ್ಪ್ರೇಕ್ಷೆಯ ಮಧ್ಯೆ ಆ ಒಂದು ನಿಜ ಕೂತಿದ್ದಕ್ಕೇ ಸಿಳ್ಳೆ ಬಿತ್ತು ಅನ್ನುವುದು ನನ್ನ ವಾದ. ಬೇಕಾದರೆ ಜಗಳ ಆಡಿ.

ವಾಸ್ತವ ಬೇಕು ಅಂದರೆ ಸೆಟ್ಟಿಗೆ ನಿಜವಾದ ಬಂದೂಕು ತನ್ನಿ ಅಂತ ಅರ್ಥವಲ್ಲ. 1993ರ ಮಾರ್ಚ್‌ನಲ್ಲಿ 'ದಿ ಕ್ರೋ' ಶೂಟಿಂಗ್‌ನಲ್ಲಿ ಬ್ರೂಸ್ ಲೀ ಮಗ ಬ್ರಾಂಡನ್ ಲೀ ಸತ್ತ. ಹಿಂದೊಂದು ಶಾಟ್‌ಗೆ ಬಳಸಿದ ನಕಲಿ ತೋಟಾದ ಸೀಸದ ತುದಿ ರಿವಾಲ್ವರ್ ನಳಿಗೆಯಲ್ಲಿ ಸಿಕ್ಕಿಕೊಂಡಿತ್ತು, ಯಾರೂ ಇಣುಕಿ ನೋಡಲಿಲ್ಲ. ಆಮೇಲೆ ಬ್ಲ್ಯಾಂಕ್ ಹಾರಿಸಿದಾಗ ಅದು ನಿಜವಾದ ಗುಂಡಿನ ಹಾಗೆ ಹೊರಬಂತು. 2021ರ ಅಕ್ಟೋಬರ್ 21ರಂದು ನ್ಯೂ ಮೆಕ್ಸಿಕೋದಲ್ಲಿ 'ರಸ್ಟ್' ಸೆಟ್‌ನಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು. ನಟನ ಕೈಗೆ ಬಂದ ರಿವಾಲ್ವರ್‌ನಲ್ಲಿ ಅಸಲಿ ಗುಂಡು ಇತ್ತು. ಬಂದೂಕಿನ ಹೊಣೆ ಹೊತ್ತಿದ್ದ ಆರ್ಮರರ್‌ಗೆ 2024ರಲ್ಲಿ 18 ತಿಂಗಳ ಜೈಲಾಯಿತು. ಅಂದರೆ ಸೆಟ್ಟಲ್ಲೂ ಗುಂಡನ್ನು ಎಣಿಸಿ, ನೋಡಿ, ಕೈಗೆ ಕೊಡಬೇಕಿತ್ತು. ನಮ್ಮಲ್ಲೂ ಸುರಕ್ಷತೆಯ ಮಾತು ಸುಮ್ನೆ ಅಲ್ಲ. 2016ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಒಂದು ಸ್ಟಂಟ್‌ಗಾಗಿ ಇಬ್ಬರು ನಟರು ಹೆಲಿಕಾಪ್ಟರ್‌ನಿಂದ ನೀರಿಗೆ ಹಾರಿ ಮೇಲೆ ಬರಲಿಲ್ಲ.

ಆದ್ದರಿಂದ ಬೆಂಕಿ, ಹೊಗೆ ಎಲ್ಲ ಕಂಪ್ಯೂಟರಿನಲ್ಲಿ ಮಾಡಿಕೊಳ್ಳಲಿ, ನನ್ನದೇನೂ ತಕರಾರಿಲ್ಲ. 'ರಸ್ಟ್' ಆದ ಮೇಲೆ ಅಮೆರಿಕದ ಕೆಲವು ತಂಡಗಳು ಹಾಗೇ ಮಾಡುತ್ತಿವೆ. ನಾನು ಕೇಳುವ ವಾಸ್ತವಕ್ಕೆ ಚಿಟಿಕೆ ಮದ್ದೂ ಬೇಡ. ರಬ್ಬರ್ ಪಿಸ್ತೂಲಾದರೂ ನಟ ಅದಕ್ಕೆ ತೂಕ ಕೊಡಬಹುದು, ಬೆರಳು ಹೊರಗಿಡಬಹುದು, ಗುಂಡು ಎಣಿಸಬಹುದು. ಇದಕ್ಕೆ ಕಾಸು ಖರ್ಚಿಲ್ಲ. ಸ್ಕ್ರಿಪ್ಟ್ ಬರೆಯುವವನು ಸ್ವಲ್ಪ ಯೋಚನೆ ಮಾಡಬೇಕು, ಅಷ್ಟೇ.

ನಿಜ ಹೇಳಬೇಕೆಂದರೆ, ನಮ್ಮ ಪೊಲೀಸ್ ಕತೆಗಳಿಗೆ ಇದು ಹಾಲಿವುಡ್‌ಗಿಂತ ಚೆನ್ನಾಗಿ ಒಗ್ಗುತ್ತದೆ. ನಮ್ಮ ಇನ್ಸ್‌ಪೆಕ್ಟರ್ ಹಾರಿಸಿದ ಪ್ರತಿ ಗುಂಡಿಗೂ ಲೆಕ್ಕ ಕೊಡಬೇಕು. ಸಿನಿಮಾದಲ್ಲಿ ಎನ್‌ಕೌಂಟರ್ ಮುಗಿದ ಕೂಡಲೇ ಅವನು ಕೂಲಿಂಗ್ ಗ್ಲಾಸ್ ಹಾಕಿ ಜೀಪ್ ಹತ್ತುತ್ತಾನೆ. ನನಗೆ ಅದರ ಮುಂದಿನ ಸೀನ್ ಬೇಕು. ರಾತ್ರಿ, ಮಳೆ, ಕೆಸರು. ಇಬ್ಬರು ಕಾನ್‌ಸ್ಟೇಬಲ್‌ಗಳು ಟಾರ್ಚ್ ಹಿಡಿದು ಖಾಲಿ ಖೋಕಾ ಹೆಕ್ಕುತ್ತಿದ್ದಾರೆ. ಸಾಹೇಬರು ಬರೆಸಿದ್ದು ನಾಲ್ಕು ಸುತ್ತು. ಕೆಸರಿನಲ್ಲಿ ಸಿಕ್ಕಿದ್ದು ಐದು. ಇಂಟರ್ವಲ್ ಕೊಡಿ ಅಲ್ಲಿಗೆ.